ಆಸ್ಪತ್ರೆಯ ದಫ್ತರವೂ ಅದರ ಬೀಗದ ಕೈಯೂ

ವೈದ್ಯನಾದವನಿಗೆ ಎರಡು ಬಗೆಯ ಕೈಗುಣ ಬೇಕು. ನಾಡಿ ಹಿಡಿಯುವ ಕೈಯ ಗುಣ ಒಂದು. ಕಂಡದ್ದನ್ನು ಬರೆದಿಡುವ ಕೈಯ ಗುಣ ಇನ್ನೊಂದು. ಮೊದಲನೆಯದನ್ನು ಜನ ಬಾಯ್ತುಂಬ ಹೊಗಳುತ್ತಾರೆ. ಎರಡನೆಯದನ್ನು ಯಾರೂ ನೆನೆಯುವುದಿಲ್ಲ. ಆದರೆ ಬರೆದಿಟ್ಟ ಕಾಗದ ಕಳೆದುಹೋದರೆ ಹಳೆಯ ರೋಗಿಯೂ ಹೊಸಬನೇ. ಪೆನಿಸಿಲಿನ್ ಒಗ್ಗದ ಮಗುವಿಗೆ ಎರಡನೆಯ ಸಲವೂ ಅದನ್ನೇ ಚುಚ್ಚುವ ಅಪಾಯ, ಆರು ತಿಂಗಳು ನುಂಗಬೇಕಾದ ಕ್ಷಯದ ಗುಳಿಗೆಯನ್ನು ಮೂರನೆಯ ತಿಂಗಳಿಗೇ ಬಿಟ್ಟವನು ಯಾರ ಕಣ್ಣಿಗೂ ಬೀಳದೆ ಹೋಗುವ ಅಪಾಯ—ಇವು ವೈದ್ಯಶಾಸ್ತ್ರದ ಕೊರತೆಯಿಂದ ಬಂದವಲ್ಲ. ದಫ್ತರದ ಕೊರತೆಯಿಂದ ಬಂದವು.

ಈ ದಫ್ತರ ಕಳೆದ ಅರವತ್ತು ವರ್ಷಗಳಲ್ಲಿ ಕಾಗದವನ್ನು ಬಿಟ್ಟು ಗಣಕಯಂತ್ರದೊಳಕ್ಕೆ ವಲಸೆ ಹೋಗಿದೆ. ಆ ಯಂತ್ರವನ್ನು ಕಂಡುಹಿಡಿದವರ ಕಥೆ, ಅದರ ತಂತ್ರಾಂಶವನ್ನು ಬರೆದವರ ಕಥೆ ಅಲ್ಲಲ್ಲಿ ದೊರೆಯುತ್ತದೆ. ಆದರೆ ಬರೆದ ತಂತ್ರಾಂಶ ಒಂದು ಸಣ್ಣ ಆಸ್ಪತ್ರೆಯ ಮೇಜಿನ ಮೇಲೆ ಬಂದು ನೆಲೆಸಿದ್ದು ಹೇಗೆ ಎಂಬ ಕಥೆಯನ್ನು ಹೇಳುವವರು ಕಡಮೆ. ನಮ್ಮ ನಾಡಿನವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಶಿಲ್ಪಿ ವಿಗ್ರಹವನ್ನು ಕೆತ್ತಿ ಮುಗಿಸಿದ ಮಾತ್ರಕ್ಕೆ ಅದು ದೇವರಾಗುವುದಿಲ್ಲ, ಪ್ರತಿಷ್ಠೆಯಾಗಬೇಕು. ಕಂಪ್ಯೂಟರಿನವರು ‘ಇನ್‌ಸ್ಟಲೇಷನ್’ ಎಂದು ಕರೆಯುವುದು ಈ ಪ್ರತಿಷ್ಠೆಯನ್ನೇ. ಪ್ರತಿಷ್ಠೆಯ ಮಂತ್ರ ನಾಲ್ಕು ಮಂದಿಗೆ ಮಾತ್ರ ಗೊತ್ತಿದ್ದರೆ, ವಿಗ್ರಹವನ್ನು ಎಷ್ಟು ಉದಾರವಾಗಿ ಹಂಚಿದರೂ ಅದು ಅಂಗಳದಲ್ಲಿ ಬಿದ್ದ ಕಲ್ಲಾಗಿಯೇ ಉಳಿಯುತ್ತದೆ.

ಮುಕ್ತ ತಂತ್ರಾಂಶ ಎಂಬ ಮಾತು ಈಗ ಓದುಗರಿಗೆ ಹೊಸದಲ್ಲ. ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಪ್ರತಿಮಾಡಿ ಹಂಚಬಹುದು. ಬಡ ಆಸ್ಪತ್ರೆಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಬೇಕಿರಲಿಲ್ಲ. ಆದರೂ ಸುದ್ದಿ ಬಂದದ್ದಕ್ಕೂ ಅದು ಅವರಿಗೆ ಫಲಿಸಿದ್ದಕ್ಕೂ ನಡುವೆ ಹಲವು ದಶಕಗಳು ಕಳೆದುವು. ಆ ಅಂತರದ ಚರಿತ್ರೆಯೇ ಈ ಬರಹದ ವಸ್ತು.

ತೇರು ಉಚಿತ, ಹಗ್ಗಕ್ಕೆ ಕ್ರಯ

ಕಥೆಯ ಆದಿ ಅಮೆರಿಕದ ಬಾಸ್ಟನ್ ನಗರ. ಅಲ್ಲಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ, ಆಕ್ಟೋ ಬಾರ್ನೆಟ್ ಎಂಬ ವೈದ್ಯರ ಪ್ರಯೋಗಶಾಲೆಯಲ್ಲಿ, ೧೯೬೬–೬೭ರ ಸುಮಾರಿಗೆ ನೀಲ್ ಪಪ್ಪಲಾರ್ಡೊ ಮತ್ತು ಅವರ ಜೊತೆಗಾರರು ‘ಮಂಪ್ಸ್’ ಎಂಬ ಗಣಕಭಾಷೆಯನ್ನು ರೂಪಿಸಿದರು. ಹೆಸರು ಕೆಪ್ಪಟರಾಯನನ್ನು ನೆನಪಿಗೆ ತರುತ್ತದೆ. ಆದರೆ ಆಸ್ಪತ್ರೆಯ ಹೆಸರಿನ ಮೊದಲಕ್ಷರವೂ ಅದರಲ್ಲಿ ಸೇರಿದೆ. ಇದರ ವಿಶೇಷವೆಂದರೆ ಭಾಷೆಯೂ ಉಗ್ರಾಣವೂ ಒಂದೇ ಆಗಿದ್ದದ್ದು. ಲೆಕ್ಕ ಮಾಡುವ ಪದ್ಧತಿ ಒಂದು, ಲೆಕ್ಕವನ್ನು ಜೋಪಾನಮಾಡುವ ‘ಡೇಟಾಬೇಸ್’ ಇನ್ನೊಂದು ಎಂಬ ಭೇದ ಅಲ್ಲಿರಲಿಲ್ಲ. ಒಂದೇ ಸಣ್ಣ ಯಂತ್ರವನ್ನು ಅನೇಕರು ಏಕಕಾಲದಲ್ಲಿ ಬಳಸಬಹುದಾಗಿತ್ತು. ಆಸ್ಪತ್ರೆಗೆ ಬೇಕಾದದ್ದೂ ಅದೇ.

ಸುಮಾರು ಹತ್ತು ವರ್ಷಗಳ ಮೇಲೆ, ೧೯೭೦ರ ದಶಕದ ಕೊನೆಯಲ್ಲಿ, ಅಮೆರಿಕದ ಮಾಜಿ ಯೋಧರ ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದ ಕೆಲವರು ಇದೇ ಮಂಪ್ಸ್‌ನಲ್ಲಿ ತಮ್ಮ ತಮ್ಮ ಆಸ್ಪತ್ರೆಗಳಿಗೆ ಬೇಕಾದ ತಂತ್ರಾಂಶವನ್ನು ತಾವೇ ಬರೆಯತೊಡಗಿದರು. ರಾಜಧಾನಿಯ ಮೇಲಧಿಕಾರಿಗಳಿಗೆ ಇದು ಹಿಡಿಸಲಿಲ್ಲ. ಗಣಕದ ಕೆಲಸವೆಲ್ಲ ಕೇಂದ್ರದಲ್ಲೇ ನಡೆಯಬೇಕೆಂಬುದು ಅವರ ಹಟ. ಬರೆಯುವವರು ಬಿಡಲಿಲ್ಲ. ತಮ್ಮನ್ನು ‘ಹಾರ್ಡ್‌ಹ್ಯಾಟ್ಸ್’ ಎಂದು, ತಮ್ಮ ಗುಪ್ತ ಒಡನಾಟವನ್ನು ‘ಭೂಗತ ರೈಲುದಾರಿ’ ಎಂದು ಕರೆದುಕೊಂಡರು. ಗುಲಾಮರು ಉತ್ತರಕ್ಕೆ ತಪ್ಪಿಸಿಕೊಂಡು ಹೋಗುತ್ತಿದ್ದ ದಾರಿಗೆ ಹಿಂದೆ ಇದ್ದ ಹೆಸರು ಅದು. ೧೯೮೨ರಲ್ಲಿ ಇಲಾಖೆಯೇ ಸೋತು ಅವರ ಕೆಲಸಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತು. ಮುಂದೆ ೧೯೯೦ರ ದಶಕದಲ್ಲಿ ‘ವಿಸ್ಟಾ’ ಎಂಬ ಹೆಸರು ಪಡೆದು, ಜಗತ್ತಿನ ಅತಿ ದೊಡ್ಡ ಆಸ್ಪತ್ರೆ ದಫ್ತರಗಳಲ್ಲಿ ಒಂದೆನಿಸಿದ್ದು ಇದೇ.

ಅಮೆರಿಕದ ಕಾನೂನಿನಂತೆ ಅಲ್ಲಿನ ಕೇಂದ್ರ ಸರ್ಕಾರದ ನೌಕರರು ಕರ್ತವ್ಯದ ಅಂಗವಾಗಿ ಬರೆದದ್ದಕ್ಕೆ ಕೃತಿಸ್ವಾಮ್ಯವಿಲ್ಲ; ಅದು ಸಾರ್ವಜನಿಕರ ಸ್ವತ್ತು. ಆದುದರಿಂದ ವಿಸ್ಟಾವನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದಾಗಿತ್ತು. ಕೊಡುಗೈ ದಾನವೆಂದರೆ ಇದು. ಆದರೆ ದಾನ ಪಡೆದವನು ಮನೆಗೆ ಬಂದು ನೋಡಿದರೆ ಒಂದು ತೊಡಕು. ಅದು ಓಡಬೇಕಾದರೆ ಅದರ ಕೆಳಗೆ ಮಂಪ್ಸ್ ಯಂತ್ರವ್ಯವಸ್ಥೆ ಬೇಕು. ಅದನ್ನು ಖಾಸಗಿ ಕಂಪನಿಗಳಿಂದ ಹಣ ಕೊಟ್ಟು ಕೊಳ್ಳಬೇಕು. ತೇರು ಉಚಿತ, ಎಳೆಯುವ ಹಗ್ಗಕ್ಕೆ ಮಾತ್ರ ಕ್ರಯ. ಹಗ್ಗ ಕೊಳ್ಳಲಾರದವನ ತೇರು ಬೀದಿಗೆ ಬರುವುದುಂಟೆ?

ಈ ಗಂಟು ಸಡಿಲಿದ್ದು ೨೦೦೦ದಲ್ಲಿ. ಬ್ಯಾಂಕುಗಳಲ್ಲಿ ಬಳಕೆಯಲ್ಲಿದ್ದ ‘ಜಿಟಿ.ಎಂ’ ಎಂಬ ಮಂಪ್ಸ್ ವ್ಯವಸ್ಥೆಯನ್ನು ಅದರ ಒಡೆಯರು ಆ ವರ್ಷ ಲಿನಕ್ಸ್‌ನ ಮೇಲೆ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದರು. ಲಿನಕ್ಸ್ ಉಚಿತ, ಜಿಟಿ.ಎಂ ಉಚಿತ, ವಿಸ್ಟಾ ಉಚಿತ. ತಳಪಾಯದಿಂದ ಕಳಶದವರೆಗೆ ಎಲ್ಲವೂ ಮುಕ್ತವಾಯಿತು.

ಆದರೂ ಪ್ರತಿಷ್ಠೆ ಸುಲಭವಾಗಲಿಲ್ಲ. ವಿಸ್ಟಾ ಎಂದರೆ ಸಾವಿರಾರು ಸಣ್ಣ ಸಣ್ಣ ಕಾರ್ಯಕ್ರಮಗಳ ರಾಶಿ. ಅವನ್ನು ಯಂತ್ರಕ್ಕೆ ತುಂಬಿದ ಮೇಲೆ ಆಸ್ಪತ್ರೆಯ ಹೆಸರೇನು, ಅದು ಯಾವ ಸಂಸ್ಥೆಗೆ ಸೇರಿದ್ದು, ಮುದ್ರಣಯಂತ್ರ ಎಲ್ಲಿದೆ, ಮೊದಲನೆಯ ಬಳಕೆದಾರ ಯಾರು, ಅವನಿಗೆ ಯಾವ ಯಾವ ಬಾಗಿಲು ತೆರೆಯಬೇಕು ಎಂಬುದನ್ನೆಲ್ಲ ಒಂದೊಂದಾಗಿ ಹೇಳಬೇಕು. ಇದರ ಕ್ರಮ ಮಾಜಿ ಯೋಧರ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ದುಡಿದವರಿಗೆ ಕರತಲಾಮಲಕ. ಹೊರಗಿನವರಿಗೆ ಕಬ್ಬಿಣದ ಕಡಲೆ. ಕೃತಿ ಮುಕ್ತವಾಗಿತ್ತು, ಸಂಪ್ರದಾಯ ಮುಕ್ತವಾಗಿರಲಿಲ್ಲ. ಹಳಗನ್ನಡ ಪಾಠ ಹೇಳುವವರಿಗೆ ಇದು ಚಿರಪರಿಚಿತ ಸಂಗತಿ. ಓಲೆಗರಿ ಕೈಯಲ್ಲಿದ್ದರೆ ಸಾಲದು. ಎಲ್ಲಿ ಪದ ಒಡೆಯಬೇಕೆಂದು ತೋರಿಸುವವನು ಬೇಕು.

ಎರಡು ಹೆಸರಿನ ಕಾವಲುಗಾರ

ಇನ್ನು ಲಿನಕ್ಸ್‌ನ ಮಾತು. ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್‌ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿದ ಈ ಕಾರ್ಯವ್ಯವಸ್ಥೆಯಲ್ಲಿ ಆದಿಕಾಲದಲ್ಲಿ ಯಾವ ತಂತ್ರಾಂಶವನ್ನು ಹಾಕಬೇಕಾದರೂ ಮೂಲಪಾಠದ ಗಂಟನ್ನು ತಂದು, ಬಿಚ್ಚಿ, ಅಲ್ಲೇ ಅಡಿಗೆ ಮಾಡಬೇಕಾಗಿತ್ತು. ಒಂದನ್ನು ಬೇಯಿಸಲು ಹೊರಟರೆ ಅದಕ್ಕೆ ಇನ್ನೊಂದು ಬೇಕೆನ್ನುತ್ತಿತ್ತು. ಆ ಇನ್ನೊಂದಕ್ಕೆ ಮತ್ತೆರಡು. ಸಿಕ್ಕಿದರೂ ಅದು ಹಳೆಯ ಆವೃತ್ತಿ. ಹೊಸದನ್ನು ಹಾಕಿದರೆ ಮೊದಲೇ ಇದ್ದ ಬೇರೊಂದು ಕೆಡುತ್ತಿತ್ತು. ಈ ಕಷ್ಟವನ್ನು ನೀಗಲು ಹುಟ್ಟಿದ್ದೇ ‘ಪ್ಯಾಕೇಜ್’ ಎಂಬ ಕಟ್ಟು. ೧೯೯೩ರಲ್ಲಿ ಆರಂಭವಾದ ‘ಡೆಬಿಯನ್’ ಬಳಗ, ೧೯೯೫ರಲ್ಲಿ ‘ಆರ್‌ಪಿಎಂ’ ಪದ್ಧತಿಯನ್ನು ತಂದ ‘ರೆಡ್ ಹ್ಯಾಟ್’ ಕಂಪನಿ—ಇವರು ತಂತ್ರಾಂಶವನ್ನು ಬೇಯಿಸಿ, ಕಟ್ಟಿ, ಯಾವುದರ ಜೊತೆಗೆ ಯಾವುದು ಬೇಕೆಂಬ ಚೀಟಿಯನ್ನೂ ಅಂಟಿಸಿದರು. ೧೯೯೯ರ ಡೆಬಿಯನ್ ಆವೃತ್ತಿಯೊಡನೆ ಬಂದ ‘ಆಪ್ಟ್’ ಎಂಬ ಸಾಧನವು ಆ ಚೀಟಿಯನ್ನು ತಾನೇ ಓದಿ, ಬೇಕಾದುದನ್ನೆಲ್ಲ ತಾನೇ ತರಿಸಿಕೊಳ್ಳತೊಡಗಿತು. ಒಂದು ಸಾಲು ಬರೆದರೆ ಸಾಕು. ಉಳಿದದ್ದು ಯಂತ್ರದ ಪಾಡು.

ಈ ಸೌಲಭ್ಯವನ್ನು ವೈದ್ಯಕೀಯಕ್ಕೂ ಒದಗಿಸಬೇಕೆಂದು ೨೦೦೨ರಲ್ಲಿ ‘ಡೆಬಿಯನ್ ಮೆಡ್’ ಎಂಬ ಕಾರ್ಯಯೋಜನೆ ಹೊರಟಿತು. ವೈದ್ಯರಿಗೂ ಜೀವವಿಜ್ಞಾನಿಗಳಿಗೂ ಉಪಯೋಗವಾಗುವ ಮುಕ್ತ ತಂತ್ರಾಂಶಗಳನ್ನು ಹುಡುಕಿ, ಕಟ್ಟಿ, ಒಂದೇ ಅಟ್ಟದಲ್ಲಿ ಜೋಡಿಸಿಡುವುದು ಅದರ ಉದ್ದೇಶ. ವೈದ್ಯರೇ ಮುಂದೆ ನಿಂತು ಬೆಳೆಸಿದ ‘ಗ್ನೂಮೆಡ್’ ಎಂಬ ಚಿಕಿತ್ಸಾಲಯದ ದಫ್ತರ ಹೀಗೆ ಡೆಬಿಯನ್ ಬಳಸುವವರ ಕೈಗೆ ಸುಲಭವಾಗಿ ಬಂದಿತು.

ಆದರೆ ಇಲ್ಲಿಯೂ ಒಂದು ಹೊಸ್ತಿಲು ಉಳಿಯಿತು, ಅದೇ ಡೇಟಾಬೇಸ್. ಬರೆಯುವ ಪುಟ ಬೇರೆ, ಪುಟಗಳನ್ನು ಕಾಪಾಡುವ ಉಗ್ರಾಣ ಬೇರೆ ಎಂಬ ಹೊಸ ಪದ್ಧತಿ ಈ ವೇಳೆಗೆ ನೆಲೆಗೊಂಡಿತ್ತು. ಗ್ನೂಮೆಡ್‌ನ ಉಗ್ರಾಣ ‘ಪೋಸ್ಟ್‌ಗ್ರೆ ಎಸ್‌ಕ್ಯೂಎಲ್’. ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ೧೯೮೬ರಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಅವರ ಮುಂದಾಳ್ತನದಲ್ಲಿ ಹುಟ್ಟಿ, ೧೯೯೬ರಲ್ಲಿ ಈ ಹೆಸರು ತಳೆದ ಉಗ್ರಾಣವಿದು. ದೃಢವಾದದ್ದು, ನಂಬಿಕೆಗೆ ಅರ್ಹವಾದದ್ದು. ನಂಬಿಕೆಗೆ ಅರ್ಹನಾದ ಕಾವಲುಗಾರ ಯಾವಾಗಲೂ ಸ್ವಲ್ಪ ಬಿರುಸು. ಯಂತ್ರದ ಒಡೆಯನೆಂದು ನೀವು ಒಳಗೆ ಹೋಗಿರಬಹುದು. ಉಗ್ರಾಣದ ಬಾಗಿಲಲ್ಲಿ ಆ ಹೆಸರು ನಡೆಯುವುದಿಲ್ಲ. ಅಲ್ಲಿಗೆ ಬೇರೆಯೇ ಹೆಸರು, ಬೇರೆಯೇ ಹಕ್ಕು. ಯಾರು ಯಾವ ದಿಕ್ಕಿನಿಂದ ಬಂದರೆ ಯಾವ ಗುರುತು ಕೇಳಬೇಕೆಂಬುದು ಒಂದು ಪ್ರತ್ಯೇಕ ಕಡತದಲ್ಲಿದೆ. ಆ ಕಡತದಲ್ಲಿ ಒಂದು ಸಾಲು ಹೆಚ್ಚುಕಡಮೆಯಾದರೆ ಬಾಗಿಲು ತೆರೆಯದು. ಅಥವಾ ಎಲ್ಲರಿಗೂ ತೆರೆದುಕೊಂಡುಬಿಡುತ್ತದೆ. ಎಷ್ಟೋ ಉತ್ಸಾಹಿ ವೈದ್ಯರ ಪ್ರಯತ್ನ ಈ ಹೊಸ್ತಿಲಿನಲ್ಲಿ ಎಡವಿ ನಿಂತದ್ದುಂಟು. ಗ್ನೂಮೆಡ್‌ನವರು ಇದನ್ನು ಅರಿತು, ಉಗ್ರಾಣವನ್ನು ಕಟ್ಟಿ, ಒಡೆಯನನ್ನು ನೇಮಿಸಿ, ಕಪಾಟುಗಳನ್ನು ಜೋಡಿಸುವ ಕೆಲಸವನ್ನೆಲ್ಲ ಕ್ರಮವಾಗಿ ಮಾಡಿಕೊಡುವ ಒಂದು ಕಾರ್ಯಕ್ರಮವನ್ನೇ ಪ್ರತ್ಯೇಕವಾಗಿ ಬರೆದರು. ಅದು ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನು ತಾನೇ ಎತ್ತಿಕೊಳ್ಳುವ ಚಮತ್ಕಾರವೆಂದು ಇಂಗ್ಲಿಷಿನ ಒಂದು ನುಡಿಗಟ್ಟಿನಿಂದ ಅದಕ್ಕೆ ಹೆಸರಿಟ್ಟರು.

ಪ್ರಶ್ನಾರ್ಥಕ ಚಿಹ್ನೆಯಾದ ಹೆಸರು

ಇಲ್ಲಿ ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ ಒಂದು ವಿಷಯವನ್ನು ಹೇಳಬೇಕು. ಉಗ್ರಾಣವನ್ನು ಕಟ್ಟುವಾಗಲೇ ಅದರಲ್ಲಿ ಯಾವ ಲಿಪಿಗಳ ಅಕ್ಷರಗಳನ್ನು ಇಡಬಹುದು ಎಂದು ನಿಶ್ಚಯಿಸಬೇಕು. ೧೯೯೧ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆಯಿತೆಂಬುದು ಸಂತೋಷದ ಮಾತು. ಆದರೆ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಈಗ ರೂಢಿಯಲ್ಲಿರುವ ಬರವಣಿಗೆಯ ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟುಗಳ ಜಾಗ ಬೇಕು. ‘ಮೈ ಎಸ್‌ಕ್ಯೂಎಲ್’ ಎಂಬ ಬಹು ಜನಪ್ರಿಯವಾದ ಉಗ್ರಾಣವು ೨೦೧೮ರ ಎಂಟನೆಯ ಆವೃತ್ತಿಯವರೆಗೂ, ಬೇರೆ ಏನೂ ಹೇಳದಿದ್ದರೆ, ಪಶ್ಚಿಮ ಯುರೋಪಿನ ಅಕ್ಷರಗಳಿಗೆ ಮಾತ್ರ ಜಾಗ ಮಾಡಿ ಸುಮ್ಮನಾಗುತ್ತಿತ್ತು. ಅದರ ಹಳೆಯ ಆವೃತ್ತಿಗಳಲ್ಲಿ ಅಂಥ ಉಗ್ರಾಣಕ್ಕೆ ಕನ್ನಡದ ಹೆಸರನ್ನು ತುಂಬಿದರೆ ಅದು ಬೇಡವೆನ್ನುತ್ತಿರಲಿಲ್ಲ. ಪ್ರತಿಯೊಂದು ಚಿಹ್ನೆಯ ಸ್ಥಾನದಲ್ಲೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆಯನ್ನು ಬರೆದಿಟ್ಟುಕೊಳ್ಳುತ್ತಿತ್ತು.

ಓದುಗರು ಇದನ್ನು ಸಣ್ಣ ದೋಷವೆಂದು ಎಣಿಸಬಾರದು. ತೆರೆಯ ಮೇಲೆ ಅಕ್ಷರ ಸರಿಯಾಗಿ ಕಾಣದಿರುವುದು ಬೇರೆ. ಅದಕ್ಕೆ ಇನ್ನೊಂದು ಫಾಂಟ್ ತಂದರೆ ಸರಿಹೋಗುತ್ತದೆ. ಇದು ಹಾಗಲ್ಲ. ಒಳಗೆ ಉಳಿದಿರುವುದೇ ಪ್ರಶ್ನಾರ್ಥಕ ಚಿಹ್ನೆ. ಮೂಲದ ಹೆಸರು ನಷ್ಟವಾಗಿಹೋಯಿತು. ಯಾವ ಪಂಡಿತನೂ ಅದನ್ನು ಮರಳಿ ಓದಲಾರ. ಸಾಲುಸಾಲು ರೋಗಿಗಳಿಗೆಲ್ಲ ಒಂದೇ ಹೆಸರು, ಅದೂ ಪ್ರಶ್ನೆ! ಕಾಗದದ ದಫ್ತರವನ್ನು ಗೆದ್ದಲು ತಿಂದರೂ ಅಂಚಿನಲ್ಲಿ ಎರಡಕ್ಷರ ಉಳಿಯುತ್ತಿತ್ತು. ಪ್ರತಿಷ್ಠೆಯ ದಿನ ಒಂದೇ ಒಂದು ಪದವನ್ನು ಬರೆಯಲು ಮರೆತದ್ದರಿಂದ ಇಷ್ಟು ಅನರ್ಥ. ಸ್ಥಾಪನೆಯನ್ನು ಸರಳಗೊಳಿಸುವುದು ಸೋಮಾರಿಗಳ ಸುಖಕ್ಕಾಗಿ ಎಂದು ಹೇಳುವವರಿಗೆ ಇದೇ ಉತ್ತರ. ಮನುಷ್ಯನು ಮರೆಯುವುದನ್ನು ಯಂತ್ರ ಮರೆಯದಂತೆ ಬರೆದಿಡುವುದೇ ನಿಜವಾದ ಸರಳತೆ.

ಎಲ್ಡೊರೆಟ್‌ನಿಂದ ಬಂದ ಪಾಠ

ಹೀಗೆ ಬರೆದಿಟ್ಟವರಲ್ಲಿ ‘ಓಪನ್ ಎಂಆರ್‌ಎಸ್’ ಬಳಗವನ್ನು ಮೊದಲು ಹೆಸರಿಸಬೇಕು. ಆಫ್ರಿಕದ ಕೀನ್ಯ ದೇಶದ ಎಲ್ಡೊರೆಟ್ ಪಟ್ಟಣದ ಮೋಯ್ ವಿಶ್ವವಿದ್ಯಾನಿಲಯಕ್ಕೂ ಅಮೆರಿಕದ ಇಂಡಿಯಾನ ವಿಶ್ವವಿದ್ಯಾನಿಲಯಕ್ಕೂ ೧೯೮೯ರಿಂದ ಸ್ನೇಹಸಂಬಂಧ. ಸಮೀಪದ ಮೊಸೊರಿಯೊಟ್ ಎಂಬ ಗ್ರಾಮಾಂತರ ಆರೋಗ್ಯ ಕೇಂದ್ರದಲ್ಲಿ ೨೦೦೧ರಲ್ಲಿಯೇ ಸಾಧಾರಣ ಕಚೇರಿಯ ತಂತ್ರಾಂಶದಿಂದ ಒಂದು ದಫ್ತರ ಸಿದ್ಧವಾಗಿತ್ತು. ಅಷ್ಟರಲ್ಲಿ ಏಡ್ಸ್ ಮಾರಿ ಹಬ್ಬಿತು. ಜೀವಮಾನವಿಡೀ ತಪ್ಪದೆ ಔಷಧ ನುಂಗಬೇಕಾದ ಸಹಸ್ರಾರು ರೋಗಿಗಳ ಭಾರವನ್ನು ಆ ಸಣ್ಣ ದಫ್ತರ ಹೊರಲಾರದಾಯಿತು. ಇಂಡಿಯಾನದ ಬರ್ಕ್ ಮ್ಯಾಮ್ಲಿನ್, ಪಾಲ್ ಬಯಾಂಡಿಕ್ ಎಂಬ ಇಬ್ಬರು ವೈದ್ಯರು ೨೦೦೪ರಲ್ಲಿ ಹೊಸದೊಂದನ್ನು ಯೋಜಿಸಿದರು. ‘ಪಾರ್ಟ್‌ನರ್ಸ್ ಇನ್ ಹೆಲ್ತ್’ ಎಂಬ ಸೇವಾಸಂಸ್ಥೆಯೂ ದಕ್ಷಿಣ ಆಫ್ರಿಕದ ವೈದ್ಯಕೀಯ ಸಂಶೋಧನ ಮಂಡಲಿಯೂ ಕೈಜೋಡಿಸಿದುವು. ೨೦೦೬ರಲ್ಲಿ ಅದು ಎಲ್ಡೊರೆಟ್‌ನಲ್ಲಿ ಕೆಲಸಕ್ಕೆ ನಿಂತಿತು. ಅದೇ ವರ್ಷ ರುವಾಂಡದ ಹಳ್ಳಿಗಾಡಿಗೂ ಹೋಯಿತು.

ಮೊದಮೊದಲು ಇದರ ಪ್ರತಿಷ್ಠೆಯೂ ತಜ್ಞರ ಕೆಲಸವೇ. ಜಾವಾ ಬೇಕು, ‘ಟಾಮ್‌ಕ್ಯಾಟ್’ ಎಂಬ ಪರಿಚಾರಕ ಬೇಕು, ಮೈ ಎಸ್‌ಕ್ಯೂಎಲ್ ಉಗ್ರಾಣ ಬೇಕು. ಮೂರೂ ಒಂದಕ್ಕೊಂದು ಹೊಂದುವ ಆವೃತ್ತಿಗಳಾಗಿರಬೇಕು. ಉಗ್ರಾಣದ ಕಪಾಟುಗಳನ್ನು ಕೈಯಿಂದಲೇ ನಿರ್ಮಿಸಿ, ಅದರ ವಿಳಾಸವನ್ನೂ ಗುಪ್ತಪದವನ್ನೂ ಒಂದು ಕಡತದಲ್ಲಿ ಬರೆಯಬೇಕು. ಮುಂದೆ ಬಳಗದವರು ಒಂದು ಪ್ರಶ್ನೋತ್ತರ ಕ್ರಮವನ್ನು ಅಳವಡಿಸಿದರು. ತಂತ್ರಾಂಶವೇ ಮೊದಲ ದಿನ ತೆರೆಯ ಮೇಲೆ ಬಂದು ಕೇಳುತ್ತದೆ: ಉಗ್ರಾಣ ಇದೆಯೇ, ಇಲ್ಲವಾದರೆ ಕಟ್ಟಲೇ, ಯಾರ ಹೆಸರಿನಲ್ಲಿ ಕಟ್ಟಲಿ? ಉತ್ತರ ಪಡೆದು ಕಪಾಟುಗಳನ್ನು ತಾನೇ ಜೋಡಿಸುತ್ತದೆ. ಜೋಡಿಸುವಾಗ ಎಲ್ಲ ಲಿಪಿಗಳಿಗೂ ಜಾಗ ಕೊಡುವ ಅಕ್ಷರಕ್ರಮವನ್ನೇ ಹೆಸರಿಸುತ್ತದೆ. ನಾವು ಮರೆಯುತ್ತಿದ್ದ ಆ ಒಂದು ಪದ ಇಲ್ಲಿ ಮರೆತುಹೋಗುವಂತಿಲ್ಲ. ಇಷ್ಟೂ ಬೇಡವೆನ್ನುವವರಿಗಾಗಿ ಪರಿಚಾರಕನನ್ನೂ ಉಗ್ರಾಣವನ್ನೂ ಒಳಗೇ ಇಟ್ಟುಕೊಂಡ, ಬಿಚ್ಚಿದೊಡನೆ ಓಡುವ ಒಂದು ಗಂಟನ್ನೂ ಕೊಟ್ಟರು. ಪರೀಕ್ಷಿಸಿ ನೋಡಲೂ ಕಲಿಯಲೂ ಅದು ಯೋಗ್ಯವಾದದ್ದು.

ಎಲ್ಲ ಆದ ಮೇಲೆ ಇನ್ನೊಂದು ಕೊರತೆ ಕಾಣಿಸಿತು. ಉಗ್ರಾಣ ಸಿದ್ಧ, ಆದರೆ ಬರಿದು. ಜ್ವರ, ರಕ್ತದೊತ್ತಡ, ಕೆಮ್ಮು ಎಂಬ ಮಾತುಗಳೇ ಅದಕ್ಕೆ ಗೊತ್ತಿಲ್ಲ. ಓಪನ್ ಎಂಆರ್‌ಎಸ್‌ನ ಹೃದಯದಲ್ಲಿರುವುದು ಒಂದು ನಿಘಂಟು. ವೈದ್ಯನು ಬರೆಯುವ ಪ್ರತಿಯೊಂದು ಅಂಶವೂ ಆ ನಿಘಂಟಿನ ಒಂದು ಪದವಾಗಿರಬೇಕು. ಪ್ರತಿ ಆಸ್ಪತ್ರೆಯೂ ತನ್ನದೇ ನಿಘಂಟನ್ನು ಮೊದಲಿಂದ ರಚಿಸಲು ಹೊರಟರೆ ಕೆಲಸ ಕೈಗೂಡೀತೆ? ಹೀಗಾಗಿ ಸಿದ್ಧ ನಿಘಂಟೊಂದನ್ನು ಎಲ್ಲರಿಗೂ ಹಂಚುವ ವ್ಯವಸ್ಥೆ ಬೆಳೆಯಿತು. ಡೇಟಾಬೇಸ್ ಕಟ್ಟುವುದೆಂದರೆ ಕಪಾಟು ನಿಲ್ಲಿಸುವುದಷ್ಟೇ ಅಲ್ಲ, ಅದಕ್ಕೆ ಭಾಷೆ ಕಲಿಸುವುದು ಎಂಬುದು ಎಲ್ಡೊರೆಟ್ ಕಲಿಸಿದ ಎರಡನೆಯ ಪಾಠ.

ಕಡಮೆ ಅಧಿಕಾರದ ಒಡೆಯ

ಇದೇ ಕಾಲದಲ್ಲಿ ಇನ್ನೊಂದು ದಾರಿ ತೆರೆಯಿತು. ಕನೇರಿ ದ್ವೀಪಗಳಲ್ಲಿ ಹುಟ್ಟಿ, ಗಣಕಶಾಸ್ತ್ರವನ್ನೂ ವೈದ್ಯವನ್ನೂ ಓದಿದ ಲೂಯಿಸ್ ಫಾಲ್ಕಾನ್ ಎಂಬವರು, ಅರ್ಜೆಂಟೀನದ ಗ್ರಾಮಾಂತರದಲ್ಲಿ ಕಂಡ ಬಡತನವನ್ನು ಮನಸ್ಸಿನಲ್ಲಿಟ್ಟುಕೊಂಡು, ೨೦೦೮ರಲ್ಲಿ ಆರಂಭಿಸಿದ ಕಾರ್ಯಯೋಜನೆ ಮುಂದೆ ‘ಗ್ನೂ ಹೆಲ್ತ್’ ಎಂದು ಪ್ರಸಿದ್ಧವಾಯಿತು. ೨೦೧೧ರಲ್ಲಿ ಅದು ಗ್ನೂ ಕುಟುಂಬಕ್ಕೆ ಸೇರಿತು. ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಸಮಾಜೋಪಯೋಗಿ ಕಾರ್ಯಕ್ಕೆ ಕೊಡುವ ಆ ವರ್ಷದ ಪ್ರಶಸ್ತಿಯೂ ಅದಕ್ಕೆ ಸಂದಿತು.

ಗ್ನೂ ಹೆಲ್ತ್‌ನ ಪ್ರತಿಷ್ಠಾವಿಧಿಯಲ್ಲಿ ಗಮನಿಸತಕ್ಕ ಒಂದು ಅಂಶವಿದೆ. ಯಂತ್ರದ ಸರ್ವಾಧಿಕಾರಿಯ ಹೆಸರಿನಲ್ಲಿ ಇದನ್ನು ನಡಸಕೂಡದು. ಇದಕ್ಕೆಂದೇ ಒಬ್ಬ ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸಬೇಕು. ಪೋಸ್ಟ್‌ಗ್ರೆ ಉಗ್ರಾಣದಲ್ಲಿಯೂ ಅದೇ ಹೆಸರಿನವನೊಬ್ಬನಿರಬೇಕು. ಹೊಸ ಡೇಟಾಬೇಸ್ ಕಟ್ಟುವ ಹಕ್ಕು ಅವನಿಗೆ ಉಂಟು; ಉಳಿದವರ ಮೇಲೆ ದೊರೆತನ ಮಾಡುವ ಹಕ್ಕಿಲ್ಲ. ಎರಡು ಕಡೆಯ ಹೆಸರೂ ಒಂದೇ ಆದ್ದರಿಂದ ಬಿರುಸಿನ ಕಾವಲುಗಾರನೂ ಗುರುತು ಹಿಡಿದು ದಾರಿ ಬಿಡುತ್ತಾನೆ. ಮುಂದಿನದನ್ನು ಒಂದು ಸಿದ್ಧ ಕಾರ್ಯಕ್ರಮ ನಡಸುತ್ತದೆ: ಬೇಕಾದವು ಇವೆಯೇ ಎಂದು ನೋಡುತ್ತದೆ, ಇಲ್ಲದ್ದನ್ನು ತರಿಸುತ್ತದೆ, ಕಡತಗಳನ್ನು ಬರೆಯುತ್ತದೆ. ಕಲಿಯುವವರಿಗಾಗಿ ಕಲ್ಪಿತ ರೋಗಿಗಳಿಂದ ತುಂಬಿದ ಒಂದು ಮಾದರಿ ಡೇಟಾಬೇಸನ್ನೂ ಒದಗಿಸಿದ್ದಾರೆ. ‘ಓಪನ್ ಸೂಸೆ’ ಲಿನಕ್ಸ್‌ನವರು ಇಡೀ ವ್ಯವಸ್ಥೆಯನ್ನು ಪ್ಯಾಕೇಜ್ ಮಾಡಿ ತಮ್ಮ ಭಂಡಾರದಲ್ಲಿಟ್ಟರು. ಅಂಗೈಯಗಲದ ‘ರಾಸ್‌ಬೆರಿ ಪೈ’ ಯಂತ್ರದ ಮೇಲೂ ಅದು ಓಡಿತು. ಸರಳತೆಗಾಗಿ ಕಟ್ಟುನಿಟ್ಟನ್ನು ಬಲಿಕೊಡಬೇಕಾಗಿಲ್ಲ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಗನಿಯಾರಿಯ ಆಸ್ಪತ್ರೆ

ನಮ್ಮ ದೇಶಕ್ಕೆ ಬರೋಣ. ಛತ್ತೀಸಗಢದ ಬಿಲಾಸ್‌ಪುರದ ಬಳಿ ಗನಿಯಾರಿ ಎಂಬ ಊರು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಕಲಿತ ವೈದ್ಯರ ಒಂದು ಗುಂಪು ೧೯೯೦ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ನೆಲೆಸಿ, ‘ಜನ ಸ್ವಾಸ್ಥ್ಯ ಸಹಯೋಗ’ ಎಂಬ ಹೆಸರಿನಿಂದ ಕಾಡಿನ ಬಡಜನರ ಸೇವೆಗೆ ತೊಡಗಿತು. ಬಹುದೂರದಿಂದ ನಡೆದು ಬರುವ ರೋಗಿಗಳು. ಚೀಟಿಗೊಂದು ಸಾಲು, ರಕ್ತಪರೀಕ್ಷೆಗೊಂದು ಸಾಲು, ಔಷಧಕ್ಕೊಂದು ಸಾಲು. ಈ ಆಸ್ಪತ್ರೆಯ ಅಗತ್ಯದಿಂದ, ‘ಥಾಟ್‌ವರ್ಕ್ಸ್’ ಸಂಸ್ಥೆಯ ತಂತ್ರಜ್ಞರ ಶ್ರಮದಿಂದ ‘ಬಹ್ಮ್ನಿ’ ಎಂಬ ದಫ್ತರ ಸಿದ್ಧವಾಗಿ ೨೦೧೩ರಲ್ಲಿ ಅಲ್ಲಿ ಬಳಕೆಗೆ ಬಂದಿತು.

ಅವರು ಹೊಸದನ್ನೆಲ್ಲ ತಾವೇ ಬರೆಯಲಿಲ್ಲ. ಬುದ್ಧಿವಂತರು ಮಾಡುವಂತೆ, ಇದ್ದುದನ್ನು ಹೊಲಿದರು. ರೋಗಿಯ ವಿವರಕ್ಕೆ ಓಪನ್ ಎಂಆರ್‌ಎಸ್, ಪ್ರಯೋಗಶಾಲೆಗೆ ‘ಓಪನ್ ಎಲಿಸ್’, ಔಷಧದ ದಾಸ್ತಾನಿಗೂ ಹಣದ ಲೆಕ್ಕಕ್ಕೂ ಈಗ ‘ಓಡೂ’ ಎಂದು ಕರೆಯುವ ತಂತ್ರಾಂಶ. ಮೊದಲನೆಯದಕ್ಕೆ ಮೈ ಎಸ್‌ಕ್ಯೂಎಲ್ ಉಗ್ರಾಣ, ಉಳಿದೆರಡಕ್ಕೆ ಪೋಸ್ಟ್‌ಗ್ರೆ. ಬಳಸುವ ವೈದ್ಯನಿಗೆ ಇದೊಂದೇ ಮನೆ. ಕಟ್ಟುವವನಿಗೆ ಮೂರು ಮನೆ, ಎರಡು ಉಗ್ರಾಣ, ನಡುವೆ ಸುದ್ದಿ ಒಯ್ಯುವ ಹರಿಕಾರರು. ಒಂದರ ಪ್ರತಿಷ್ಠೆಯೇ ಕಷ್ಟವಾಗಿದ್ದಾಗ ಮೂರರ ಗತಿ ಏನು? ಬಹ್ಮ್ನಿಯ ಬಳಗ ಎಲ್ಲವನ್ನೂ ಆರ್‌ಪಿಎಂ ಕಟ್ಟುಗಳನ್ನಾಗಿ ಮಾಡಿತು. ಯಾವ ಕ್ರಮದಲ್ಲಿ ಏನು ಮಾಡಬೇಕೆಂಬುದನ್ನು ‘ಆನ್ಸಿಬಲ್’ ಎಂಬ ಸಾಧನದ ಪುಸ್ತಕದಲ್ಲಿ ಬರೆಯಿತು. ‘ಸೆಂಟ್ ಓಎಸ್’ ಎಂಬ ಲಿನಕ್ಸ್ ಇರುವ ಯಂತ್ರದಲ್ಲಿ ಒಂದೆರಡು ಆಜ್ಞೆಗಳನ್ನು ಬರೆದು ಕಾದರೆ ಮೂರು ಮನೆಗಳೂ ಎದ್ದು ನಿಲ್ಲುವಂತಾಯಿತು. ಪುರೋಹಿತನ ಬಾಯಲ್ಲಿದ್ದ ವಿಧಿ ಪುಸ್ತಕಕ್ಕೆ ಇಳಿಯಿತು.

ವಿಧಿಯೇನೋ ಪುಸ್ತಕಕ್ಕೆ ಇಳಿಯಿತು, ನೆಲವೇ ಅದುರಿದರೆ? ೨೦೨೦ರ ಡಿಸೆಂಬರಿನಲ್ಲಿ ಒಂದು ಪ್ರಕಟನೆ ಹೊರಟಿತು: ೨೦೨೯ರವರೆಗೆ ಬಾಳಬೇಕಾಗಿದ್ದ ಸೆಂಟ್ ಓಎಸ್ ಎಂಟನೆಯ ಆವೃತ್ತಿಯ ಪೋಷಣೆ ೨೦೨೧ರ ಕೊನೆಗೇ ನಿಲ್ಲುವುದು. ಏಳನೆಯದರ ಪೋಷಣೆಯೂ ೨೦೨೪ರ ಜೂನ್ ತಿಂಗಳಿಗೆ ಮುಗಿಯಿತು. ಒಂದೇ ನೆಲವನ್ನು ನಂಬಿ ಮನೆ ಕಟ್ಟಿದವರೆಲ್ಲ ಬೇರೆ ನೆಲ ಹುಡುಕಬೇಕಾಯಿತು. ಬಹ್ಮ್ನಿಯವರು ೨೦೧೩ರಲ್ಲಿ ಬಂದ ‘ಡಾಕರ್’ ಎಂಬ ಪದ್ಧತಿಗೆ ತಿರುಗಿದರು. ಇದರಲ್ಲಿ ತಂತ್ರಾಂಶವು ತನಗೆ ಬೇಕಾದುದನ್ನೆಲ್ಲ ಪೆಟ್ಟಿಗೆಯಲ್ಲಿ ಜೊತೆಗೇ ಒಯ್ಯುತ್ತದೆ. ಕೆಳಗಿನ ಲಿನಕ್ಸ್ ಯಾವುದೆಂಬ ಚಿಂತೆ ಬಹುಮಟ್ಟಿಗೆ ತಪ್ಪಿತು. ಮನೆಯ ಬದಲು ಬಂಡಿ ಎನ್ನಬಹುದು.

ಸರಳತೆಯ ಬೆಲೆ

ಈ ಚರಿತ್ರೆಯನ್ನು ಇಲ್ಲಿಗೇ ಮಂಗಳ ಹಾಡಿ ಮುಗಿಸುವ ಹಾಗಿದ್ದರೆ ಚೆನ್ನಾಗಿತ್ತು. ಆದರೆ ಸರಳತೆಗೂ ಒಂದು ಬೆಲೆಯುಂಟು. ೨೦೧೭ರ ಜನವರಿಯಲ್ಲಿ ‘ಮಾಂಗೊಡಿಬಿ’ ಎಂಬ ಇನ್ನೊಂದು ಬಗೆಯ ಸಾವಿರಾರು ಡೇಟಾಬೇಸುಗಳನ್ನು ಕಳ್ಳರು ಅಳಿಸಿಹಾಕಿ, ಹಣ ಕೊಟ್ಟರೆ ಹಿಂದಿರುಗಿಸುವೆವೆಂದು ಚೀಟಿ ಬರೆದಿಟ್ಟು ಹೋದರು. ಅವರು ಬೀಗ ಮುರಿದದ್ದಲ್ಲ. ಅಲ್ಲಿ ಬೀಗವೇ ಇರಲಿಲ್ಲ. ಗುಪ್ತಪದವನ್ನೇ ಕೇಳದೆ ಸುಲಭವಾಗಿ ನೆಲೆಗೊಳ್ಳುತ್ತಿದ್ದ ಉಗ್ರಾಣವನ್ನು ಹಾಗೆಯೇ ಜಗತ್ತಿಗೆ ತೆರೆದಿಟ್ಟಿದ್ದರು. ನಮ್ಮ ಬಿರುಸಿನ ಕಾವಲುಗಾರನನ್ನು ಬೈದವರು ಇದನ್ನು ನೆನೆಯಬೇಕು. ಎಲ್ಲ ಪ್ರತಿಗಳಿಗೂ ಒಂದೇ ಗುಪ್ತಪದವನ್ನು ಕೊಟ್ಟು, ಅದನ್ನು ಬದಲಾಯಿಸದೆಯೇ ಕೆಲಸ ಆರಂಭಿಸಲು ಬಿಡುವ ತಂತ್ರಾಂಶ ಸರಳವಾದದ್ದಲ್ಲ, ಅಜಾಗರೂಕವಾದದ್ದು. ಊರ ಮನೆಗಳಿಗೆಲ್ಲ ಒಂದೇ ಬೀಗದ ಕೈಯಾದರೆ ಬಾಗಿಲೇಕೆ?

ಇನ್ನೊಂದು ಬೆಲೆಯೂ ಇದೆ. ಕಷ್ಟಪಟ್ಟು ಕಟ್ಟಿದವನಿಗೆ ಮನೆಯ ಮೂಲೆಮೂಲೆಯೂ ಗೊತ್ತಿರುತ್ತದೆ. ಸೂರು ಸೋರಿದರೆ ಎಲ್ಲಿ ಕೈಯಿಡಬೇಕೆಂದು ಬಲ್ಲ.

ಒಂದು ಆಜ್ಞೆಯಿಂದ ಮನೆ ಪಡೆದವನು ಸೋರುವ ರಾತ್ರಿ ನಿರುಪಾಯನಾಗುತ್ತಾನೆ. ಪ್ರತಿಷ್ಠೆ ಒಂದು ದಿನದ ಕೆಲಸ, ಪೂಜೆ ನಿತ್ಯದ್ದು. ಡೇಟಾಬೇಸಿನ ನಿತ್ಯಪೂಜೆ ಎಂದರೆ ಪ್ರತಿ ರಾತ್ರಿ ಅದರ ಪ್ರತಿ ತೆಗೆದು ಬೇರೆಡೆ ಇಡುವುದು, ಆಗಾಗ ಆ ಪ್ರತಿಯಿಂದ ಬೇರೊಂದು ಯಂತ್ರದಲ್ಲಿ ದಫ್ತರವನ್ನು ಮತ್ತೆ ಎಬ್ಬಿಸಿ ನೋಡುವುದು. ಪ್ರತಿ ಇದೆಯೆಂದು ನಂಬಿ, ಯಂತ್ರ ಕೆಟ್ಟ ದಿನ ತೆರೆದು ನೋಡಿದರೆ ಅದು ಬರಿಯ ಖಾಲಿ ಕಡತ ಎಂಬಂಥ ಆಪತ್ತು ಯಾವ ಆಸ್ಪತ್ರೆಗೂ ಬರಬಾರದು. ಅನುಸ್ಥಾಪನೆಯನ್ನು ಒಂದು ಸಾಲಿಗೆ ಇಳಿಸಿದ ಜಾಣರು ಪುನಃಸ್ಥಾಪನೆಯನ್ನೂ ಒಂದು ಸಾಲಿಗೆ ಇಳಿಸಿದರೆ ಅವರ ಕೆಲಸ ಪೂರ್ಣವಾದೀತು. ಗ್ನೂ ಹೆಲ್ತ್‌ನವರು ಪ್ರತಿ ತೆಗೆಯುವ ಕೆಲಸವನ್ನೂ ನವೀಕರಣವನ್ನೂ ಒಂದೇ ಸಾಧನದಡಿ ತಂದಿರುವುದು ಈ ದಿಕ್ಕಿನಲ್ಲಿ ಇಟ್ಟ ಸರಿಯಾದ ಹೆಜ್ಜೆ.

ಒಟ್ಟಿನಲ್ಲಿ ನೋಡಿದರೆ ಕಷ್ಟ ಮಾಯವಾಗಿಲ್ಲ, ಸ್ಥಳ ಬದಲಾಯಿಸಿದೆ. ೧೯೮೦ರಲ್ಲಿ ಯಂತ್ರವೇ ದುರ್ಲಭ. ೨೦೦೦ಕ್ಕೆ ಮೊದಲು ಮಂಪ್ಸ್ ದುಬಾರಿ. ಆಮೇಲೆ ಜೋಡಣೆ ಜಟಿಲ. ಈಗ ಜೋಡಣೆ ಸುಲಭ, ಪಾಲನೆ ಕಷ್ಟ. ಆದರೆ ಸ್ಥಳ ಬದಲಾದದ್ದೇ ದೊಡ್ಡ ಲಾಭ. ಹಣದ ಕಷ್ಟವನ್ನು ಬಡ ಆಸ್ಪತ್ರೆ ತಾನಾಗಿ ನೀಗಿಕೊಳ್ಳಲಾರದು. ಪಾಲನೆಯ ಕಷ್ಟವನ್ನು ಕಲಿತು ನೀಗಿಕೊಳ್ಳಬಹುದು. ಮೂಲಪಾಠ ತೆರೆದಿದೆ, ವಿಧಿ ಬರೆದಿದೆ, ಮಾದರಿ ಡೇಟಾಬೇಸ್ ಎದುರಿಗಿದೆ. ಇನ್ನು ಬೇಕಾದದ್ದು ಆಸ್ಪತ್ರೆಯ ಸಿಬ್ಬಂದಿಯಲ್ಲೇ ಒಬ್ಬರು—ದಾದಿಯಾಗಲಿ, ಗುಮಾಸ್ತರಾಗಲಿ, ಪ್ರಯೋಗಶಾಲೆಯ ಸಹಾಯಕರಾಗಲಿ—ಇದನ್ನು ತಮ್ಮದೆಂದು ಕಲಿಯುವುದು. ಅವರು ಓದಬೇಕಾದ ಕೈಪಿಡಿ ಅವರ ಭಾಷೆಯಲ್ಲಿರುವುದು. ಈ ಎರಡನೆಯ ಕೆಲಸ ತಂತ್ರಜ್ಞರದ್ದಷ್ಟೇ ಅಲ್ಲ, ಕನ್ನಡದಲ್ಲಿ ಬರೆಯಬಲ್ಲವರೆಲ್ಲರದ್ದು. ‘ರೂಟ್’, ‘ಪಾಸ್‌ವರ್ಡ್’, ‘ಬ್ಯಾಕಪ್’ ಎಂಬ ಮಾತುಗಳಿಗೆ ಕಠಿನವಾದ ಸಂಸ್ಕೃತ ಪದಗಳನ್ನು ಟಂಕಿಸಿ ಕೂಡುವುದಕ್ಕಿಂತ, ಅವನ್ನು ಹಾಗೆಯೇ ಇಟ್ಟು ಅವುಗಳ ಕೆಲಸವನ್ನು ತಿಳಿಗನ್ನಡದಲ್ಲಿ ಹೇಳುವುದು ಲೇಸು.

ಅಮೆರಿಕದ ಹಾರ್ಡ್‌ಹ್ಯಾಟ್ಸ್ ಮೇಲಧಿಕಾರಿಗಳೊಡನೆ ಸೆಣಸಿದ್ದು ಯಾಕೆಂದು ಯೋಚಿಸಿದರೆ ಈ ಚರಿತ್ರೆಯ ಸಾರ ತಿಳಿಯುತ್ತದೆ. ದಫ್ತರ ಆಸ್ಪತ್ರೆಯಲ್ಲಿದ್ದು ಬೀಗದ ಕೈ ಬೇರೆಲ್ಲೋ ಇರಕೂಡದು ಎಂಬುದೇ ಅವರ ವಾದವಾಗಿತ್ತು. ಕೈ ರಾಜಧಾನಿಯಲ್ಲಿರಲಿ, ಕಂಪನಿಯಲ್ಲಿರಲಿ, ಒಬ್ಬ ತಜ್ಞನ ಜೇಬಿನಲ್ಲಿರಲಿ, ರೋಗಿಗೆ ಎಲ್ಲವೂ ಒಂದೇ ದೂರ. ಆ ದೂರವನ್ನು ಒಂದೊಂದೇ ಮೆಟ್ಟಿಲಾಗಿ ಕಡಮೆ ಮಾಡಿದವರಲ್ಲಿ ಹೆಚ್ಚಿನವರ ಹೆಸರು ನಮಗೆ ತಿಳಿಯದು. ಅವರು ಹೊಸ ಔಷಧವನ್ನು ಕಂಡುಹಿಡಿಯಲಿಲ್ಲ. ಬಾಗಿಲಿನ ತುಕ್ಕು ಬಿಡಿಸಿದರು. ಅಷ್ಟರಿಂದಲೇ ಎಷ್ಟೋ ಊರುಗಳಲ್ಲಿ ಎರಡನೆಯ ಸಲ ಬಂದ ರೋಗಿಯನ್ನು ವೈದ್ಯರು ಹೆಸರು ಹಿಡಿದು ಕರೆಯುವಂತಾಗಿದೆ.